ಯುರೋಪಿನ ಮುಂದೆ ಕೇಳುವ ನ್ಯಾಯ ಕೇರಿಗೂ ಬೇಕು



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಮೊನ್ನೆ ಆಫೀಸಲ್ಲಿ ಟೀ ಹೊತ್ತು. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಪೇಪರ್ ಓದ್ತಾ ಓದ್ತಾ ಸಿಟ್ಟಾದರು. ಯುರೋಪಿನವರು ನಮ್ಮ ಉಕ್ಕಿನ ಮೇಲೆ ಕಾರ್ಬನ್ ತೆರಿಗೆ ಹಾಕ್ತಾರೆ ಅನ್ನೋ ಸುದ್ದಿ.

"ನೋಡ್ರೀ ಇವರ ಅನ್ಯಾಯಾನ! ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದೋರು ಅವರು. ನಾವು ಈಗ ತಾನೇ ಎದ್ದು ನಿಲ್ತಾ ಇದೀವಿ. ಇಬ್ಬರಿಗೂ ಒಂದೇ ರೂಲು ಅಂದ್ರೆ ಹೆಂಗ್ರೀ? ಅವರ ತಾತಂದಿರು ಮಾಡಿದ್ದಕ್ಕೆ ಅವರು ಲೆಕ್ಕ ಕೊಡಬೇಡ್ವಾ?"

ನಾನು ಸುಮ್ಮನಿರಬೇಕಿತ್ತು, ಆಗಲಿಲ್ಲ. "ಸಾರ್, ಮೀಸಲಾತಿ ಯಾಕೆ ಬೇಕು ಅಂತ ಇಷ್ಟು ಚೆನ್ನಾಗಿ ನಮ್ಮ ಸಭೆಗಳಲ್ಲೂ ಯಾರೂ ಹೇಳಿಲ್ಲ" ಅಂದೆ.

ಅವರು ಅರ್ಧ ಟೀ ಬಿಟ್ಟು ಎದ್ದು ಹೋದರು. ಬಡ್ತಿ ಮೀಸಲಾತಿ ಕೇಸು ನಡೆಯುವಾಗ ಇದೇ ಮನುಷ್ಯ ಇದೇ ಟೇಬಲ್ ಹತ್ತಿರ ಕೂತು, "ಯಾವ ಕಾಲದಲ್ಲೋ ತಾತಂದಿರು ಮಾಡಿದ್ದಕ್ಕೆ ನಮಗ್ಯಾಕ್ರೀ ಶಿಕ್ಷೆ" ಅಂದಿದ್ದರು. ನನಗೆ ಚೆನ್ನಾಗಿ ನೆನಪಿದೆ.

ಅವತ್ತಿಂದ ಈ ವಿಷಯ ತಲೆ ಬಿಟ್ಟು ಹೋಗ್ತಿಲ್ಲ. ನಮ್ಮ ಚಳವಳಿಯವರು ಹವಾಮಾನ, ವ್ಯಾಪಾರ ನೀತಿ ಅಂದ್ರೆ ಅದು ಇಂಗ್ಲಿಷ್ ಬಲ್ಲವರ ಮಾತು ಅಂತ ಬಿಟ್ಟುಬಿಡ್ತೀವಿ. ಹಂಗೆ ಬಿಡೋ ವಿಷಯ ಅಲ್ಲ ಇದು.

ಮೊದಲು ವಿಷಯ ಏನು ಅಂತ ನೋಡೋಣ. ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿದೆ, ಸಿಬಿಎಎಂ ಅಂತ ಕರೀತಾರೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ವಿದ್ಯುತ್, ಹೈಡ್ರೋಜನ್ ಇಷ್ಟು ಮಾಲು ಹೊರದೇಶದಿಂದ ಬಂದರೆ, ಅದನ್ನು ತಯಾರಿಸುವಾಗ ಎಷ್ಟು ಇಂಗಾಲ ಗಾಳಿಗೆ ಹೋಯಿತು ಅಂತ ಲೆಕ್ಕ ಕೊಡಬೇಕು. ಈ ಲೆಕ್ಕ ಕೊಡೋದು 2023ರ ಅಕ್ಟೋಬರ್ 1ರಿಂದ ಶುರುವಾಯಿತು. 2026ರ ಜನವರಿ 1ರಿಂದ ಒಳಗೆ ಹೋಗುವ ಮಾಲಿಗೆ ದುಡ್ಡೂ ಕಟ್ಟಬೇಕು. ಕಟ್ಟೋನು ಅಲ್ಲಿನ ಆಮದುದಾರ. ಆದರೆ ಅವನು ತನ್ನ ಜೇಬಿಂದ ಕಟ್ತಾನಾ? ಇಲ್ಲಿಂದ ಕೊಳ್ಳುವ ಮಾಲಿನ ರೇಟಲ್ಲಿ ಮುರಿದುಕೊಳ್ಳೋಕೆ ನೋಡ್ತಾನೆ.

ಅವರ ವಾದ ಇಷ್ಟೇ: "ನಮ್ಮ ಕಾರ್ಖಾನೆಗಳು ಇಂಗಾಲಕ್ಕೆ ಬೆಲೆ ಕೊಡ್ತಿವೆ, ನೀವೂ ಕೊಡಿ. ಮೈದಾನ ಎಲ್ಲರಿಗೂ ಸಮ ಇರಲಿ."

ಸಮ ಮೈದಾನ! ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ? 'ಮೆರಿಟ್' ಅನ್ನೋ ಪದ ನಮ್ಮ ಮುಂದೆ ಹಿಡಿಯುವವರು ಹೇಳೋದೂ ಇದನ್ನೇ. ಪರೀಕ್ಷೆ ಎಲ್ಲರಿಗೂ ಒಂದೇ, ಕಟಾಫ್ ಒಂದೇ, ಇದರಲ್ಲಿ ಅನ್ಯಾಯ ಎಲ್ಲಿದೆ ಅಂತ. ಓಟದ ಗೆರೆ ಒಂದೇ ಇದ್ದರೂ ಒಬ್ಬ ಎಷ್ಟೋ ತಲೆಮಾರು ಮುಂಚೆ ಓಡೋಕೆ ಶುರು ಮಾಡಿದ್ದ ಅನ್ನೋದನ್ನ ಮಾತ್ರ ಹೇಳಲ್ಲ.

ಲೆಕ್ಕ ನೋಡಿ. 1750ರಿಂದ ಇಲ್ಲಿತನಕ ಜಗತ್ತು ಸುಟ್ಟು ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಭಾರತದ್ದು ನೂರಕ್ಕೆ ಮೂರರ ಆಸುಪಾಸು. ಇವತ್ತೂ ತಲೆವಾರು ಲೆಕ್ಕ ಹಾಕಿದರೆ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದ್ದು ಅದರ ಆರೇಳು ಪಟ್ಟು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದ ಕಥೆ.

ಅದಕ್ಕೇ 1992ರಲ್ಲಿ ರಿಯೊ ನಗರದಲ್ಲಿ ಆದ ಒಪ್ಪಂದದಲ್ಲಿ ಒಂದು ತತ್ವ ಬರೆಸಲಾಯಿತು. ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರಿಗೂ ಒಂದೇ ಅಳತೆಯ ಹೊಣೆ ಅಲ್ಲ. ಹೆಚ್ಚು ಸುಟ್ಟವರು, ಹೆಚ್ಚು ಶಕ್ತಿ ಇರುವವರು ಹೆಚ್ಚು ಹೊರಬೇಕು. ಇದನ್ನ ಬಡ ದೇಶಗಳು ಹೋರಾಡಿ ಗಳಿಸಿಕೊಂಡವು. ಸಿಬಿಎಎಂ ಈ ತತ್ವವನ್ನ ಹಿಂಬಾಗಿಲಿಂದ ಹೊರಗೆ ಹಾಕ್ತಿದೆ. ಮೊಜಾಂಬಿಕ್‌ನಂಥ ಕಡುಬಡ ದೇಶದ ಅಲ್ಯೂಮಿನಿಯಂಗೂ ವಿನಾಯಿತಿ ಇಲ್ಲ. ಬಂದ ದುಡ್ಡನ್ನ ಬಡ ದೇಶಗಳಿಗೆ ವಾಪಸ್ ಕೊಡಲೇಬೇಕು ಅನ್ನೋ ಕಟ್ಟುಪಾಡೂ ಇಲ್ಲ.

ಏರಿದ ಏಣಿಯನ್ನ ಒದೆಯೋದು ಅವರಿಗೆ ಹೊಸದಲ್ಲ. 2010ರಲ್ಲಿ ಭಾರತ ಸೋಲಾರ್ ಮಿಷನ್ ಶುರು ಮಾಡಿ, ಕೆಲವು ಯೋಜನೆಗಳಿಗೆ ಇಲ್ಲೇ ತಯಾರಾದ ಪ್ಯಾನೆಲ್ ಬಳಸಬೇಕು ಅಂದಿತು. ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರಲ್ಲಿ ಮೇಲ್ಮನವಿಯಲ್ಲೂ ಭಾರತ ಸೋತಿತು. ಮುಂದೆ ಅದೇ ಅಮೆರಿಕ 2022ರಲ್ಲಿ ತಾನೇ ಕಾನೂನು ಮಾಡಿ, ಅಮೆರಿಕದಲ್ಲೇ ತಯಾರಾದ ಉಕ್ಕು, ಬಿಡಿಭಾಗ ಬಳಸಿದ ಸೋಲಾರ್ ಘಟಕಕ್ಕೆ ಹೆಚ್ಚುವರಿ ತೆರಿಗೆ ರಿಯಾಯಿತಿ ಕೊಟ್ಟಿತು. ದೂರು ಕೊಡೋಣ ಅಂದ್ರೆ, ಅಮೆರಿಕವೇ ಹೊಸ ನ್ಯಾಯಾಧೀಶರ ನೇಮಕ ತಡೆದಿದ್ದರಿಂದ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಬಾಗಿಲು ಮುಚ್ಚಿದೆ.

ಅಲ್ಲಿಗೆ ನಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ಸರಿ. ಯುರೋಪಿನ ಮುಂದೆ ಭಾರತ ಮಂಡಿಸುವ ವಾದ ನ್ಯಾಯವಾದದ್ದು. ನಾನು ಅದರ ಪರ.

ನನ್ನ ತಕರಾರು ಬೇರೆ. ಆ ವಾದವನ್ನ ವಿಮಾನ ನಿಲ್ದಾಣದಲ್ಲೇ ಯಾಕೆ ಬಿಟ್ಟು ಬರ್ತೀರಿ? ಮನೆ ಒಳಗೂ ತನ್ನಿ.

ನಮ್ಮ ರಾಜ್ಯದ 2002ರ ಬಡ್ತಿ ಜ್ಯೇಷ್ಠತೆ ಕಾನೂನನ್ನ 2017ರಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕಿದಾಗ ಎಷ್ಟು ಜನ ನಮ್ಮವರು ಹಿಂಬಡ್ತಿ ಭಯದಲ್ಲಿ ನಿದ್ದೆಗೆಟ್ಟರು ಅಂತ ನೌಕರಿಯಲ್ಲಿ ಇರೋರಿಗೆ ಗೊತ್ತು. 2018ರ ಹೊಸ ಕಾನೂನನ್ನ 2019ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಎತ್ತಿ ಹಿಡಿಯುವ ತನಕ ಕೇಳಿದ ಮಾತುಗಳನ್ನ ನಾನು ಮರೆತಿಲ್ಲ. 'ಇತಿಹಾಸ ಬಿಡ್ರೀ, ಈಗ ಎಲ್ಲರೂ ಸಮ' ಅನ್ನೋದು ಒಂದು. 'ನಾವೇನು ನಿಮ್ಮನ್ನ ಮುಟ್ಟಬೇಡ ಅಂದ್ವಾ' ಅನ್ನೋದು ಇನ್ನೊಂದು. ಇದನ್ನೇ ಯುರೋಪಿನವನು ಹೇಳಿದರೆ ವಸಾಹತುಶಾಹಿ ದರ್ಪ. ಇಲ್ಲಿ ಹೇಳಿದರೆ ಮೆರಿಟ್!

ಇನ್ನೊಂದು ಮಾತು. ತಲೆವಾರು 2 ಟನ್ ಅಂತ ಹೇಳ್ತೀವಲ್ಲ, ಆ ಸಂಖ್ಯೆ ಅಷ್ಟು ಚಿಕ್ಕದಾಗಿರೋದು ಯಾರಿಂದ? ಮೂರು ಕಾರು, ಆರು ಎಸಿ ಇಟ್ಟವನಿಂದ ಅಲ್ಲ. ಫ್ಯಾನು ಕೂಡ ಇಲ್ಲದ ಮನೆಗಳಿಂದ, ಬಸ್ಸಿಗೆ ದುಡ್ಡಿಲ್ಲದೆ ನಡೆದು ಹೋಗುವ ಕೂಲಿಯವರಿಂದ. 2007ರಲ್ಲೇ ಗ್ರೀನ್‌ಪೀಸ್ ಇಂಡಿಯಾ ಈ ಬಗ್ಗೆ ಒಂದು ವರದಿ ತಂದಿತ್ತು. ಬಡವರ ಬೆನ್ನಿನ ಹಿಂದೆ ಅಡಗಿಕೊಳ್ಳೋದು ಅಂತಲೇ ಅದರ ಹೆಸರಿನ ಅರ್ಥ. ನಮ್ಮ ಬಡತನವನ್ನ ಸರಾಸರಿಗೆ ಸೇರಿಸಿ, ಶ್ರೀಮಂತರ ಹೊಗೆಯನ್ನ ಮರೆಮಾಡೋದು. ಅಂತರರಾಷ್ಟ್ರೀಯ ಸಭೆಯಲ್ಲಿ ನಾವು ಬೇಕು, ಲಾಭ ಹಂಚುವಾಗ ಬೇಡ.

ಪಾವಗಡ ನೋಡಿ. ಬರಗಾಲದ ಸೀಮೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಆಯಿತು. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು, ಒಪ್ಪಿಕೊಳ್ಳೋಣ. ಇದನ್ನ ನಾನು ನಮ್ಮ ಅವ್ವನಿಗೆ ವಿವರಿಸಿದೆ. ಅವ್ವ ಜೀವಮಾನವೆಲ್ಲ ಕಂಡೋರ ಹೊಲದಲ್ಲಿ ಕಡ್ಲೆಕಾಯಿ ಕಳೆ ಕಿತ್ತವಳು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು:

"ಬಾಡಿಗೆ ಹೊಲ್ದೋರಿಗೆ ಸರಿ ಕಣಪ್ಪ. ಕಳೆ ಕೀಳೋರಿಗೆ ಏನಂತೆ?"

ಏನೂ ಇಲ್ಲ. ಗುತ್ತಿಗೆ ಅನ್ನೋದು ಪಹಣಿಯಲ್ಲಿ ಹೆಸರಿದ್ದವನ ಜೊತೆ ಆಗೋ ಕರಾರು. ಹೊಲದಲ್ಲಿ ಬೆವರು ಹರಿಸಿದವನ ಹೆಸರು ಪಹಣಿಯಲ್ಲಿ ಇರಲ್ಲ. ಬಿಸಿಲನ್ನ ಮಾರಿದ ದುಡ್ಡು ಕೂಡ ಭೂಮಿಯ ಒಡೆತನ ನೋಡಿಕೊಂಡೇ ಹಂಚಿಕೆ ಆಗುತ್ತೆ. ಭೂಮಿಯ ಒಡೆತನ ಯಾವ ಆಧಾರದ ಮೇಲೆ ಹಂಚಿಕೆ ಆಗಿತ್ತು ಅಂತ ನಿಮಗೆ ನಾನು ಹೇಳಬೇಕಾ? ಬಿಸಿಲು ಮಾತ್ರ ನಮ್ಮ ಜನಕ್ಕೆ ಪುಕ್ಕಟೆ. ರಸ್ತೆ ಗುಡಿಸುವಾಗ, ಇಟ್ಟಿಗೆ ಹೊರುವಾಗ ಎಷ್ಟು ಬೇಕೋ ಅಷ್ಟು.

ಹಂಗಂತ ಕಾರ್ಖಾನೆ ಬೇಡ, ಕರೆಂಟ್ ಬೇಡ, ಹಳ್ಳಿಯೇ ಸ್ವರ್ಗ ಅನ್ನೋ ಪರಿಸರವಾದ ನನ್ನದಲ್ಲ. ಆ ಸ್ವರ್ಗದಲ್ಲಿ ನಮ್ಮ ಕೇರಿ ಎಲ್ಲಿತ್ತು ಅಂತ ಗೊತ್ತು. ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿ ಬಗ್ಗೆ ಬರೆದ ಪ್ರಬಂಧದಲ್ಲಿ, ಕೃಷಿಯ ರೋಗಕ್ಕೆ ಮದ್ದು ಕೈಗಾರಿಕೆ ಅಂದರು. 1942ರಿಂದ 46ರ ತನಕ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ನೀರಾವರಿ, ವಿದ್ಯುತ್ ಕೂಡ ಅವರ ಕೈಲಿತ್ತು. ದಾಮೋದರ ಕಣಿವೆ ಯೋಜನೆಗೆ ಅಡಿಪಾಯ ಹಾಕಿದ್ದು, ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಕಟ್ಟಿದ್ದು ಆ ಕಾಲದಲ್ಲೇ. ನಮಗೆ ಅಭಿವೃದ್ಧಿ ಬೇಕು. ಅದರ ಪಹಣಿಯಲ್ಲಿ ನಮ್ಮ ಹೆಸರೂ ಬೇಕು.

ಈಗ ಕೆಲಸದ ಮಾತಿಗೆ ಬರೋಣ.

ಸಿಬಿಎಎಂ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಮಾಲು ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅಷ್ಟನ್ನ ಯುರೋಪ್ ಕಳೆದುಕೊಳ್ಳಬೇಕು. ಅಂದರೆ ಭಾರತ ಇಲ್ಲೇ ವಸೂಲಿ ಮಾಡಿದರೆ ಆ ದುಡ್ಡು ಇಲ್ಲೇ ಉಳಿಯುತ್ತೆ. 2023ರಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯನ್ನೂ ಪ್ರಕಟಿಸಿದೆ. ಮುಂದೆ ಇದರಲ್ಲಿ ದೊಡ್ಡ ದುಡ್ಡು ಓಡಾಡುತ್ತೆ. ಅದು ಯಾರಿಗೆ ಅನ್ನೋದೇ ಪ್ರಶ್ನೆ.

ಹಿಂದಿನ ಅನುಭವ ಕಹಿ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, ಶುದ್ಧ ಇಂಧನಕ್ಕೆ ಅಂತ. 2016ಕ್ಕೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನ ರದ್ದು ಮಾಡಿ, ಅದೇ 400 ರೂಪಾಯಿಯನ್ನ ರಾಜ್ಯಗಳ ನಷ್ಟ ತುಂಬುವ ಸೆಸ್ ಮಾಡಿಕೊಂಡರು. ವಸೂಲಿ ಒಂದು ಹೆಸರಲ್ಲಿ, ಖರ್ಚು ಇನ್ನೊಂದು ಕಡೆ. ಇದು ನಮಗೆ ಹೊಸದಾ? ಎಸ್‌ಸಿಎಸ್‌ಪಿ-ಟಿಎಸ್‌ಪಿ ದುಡ್ಡಿನಲ್ಲಿ ಏನೇನು ಆಯಿತು ಅಂತ ನೋಡಿಲ್ವಾ? 2013ರ ಕಾಯ್ದೆಯಲ್ಲಿ 7ಡಿ ಅನ್ನೋ ತೂತು ಇಟ್ಟುಕೊಂಡು ರಸ್ತೆ, ಸೇತುವೆಗೆಲ್ಲ ನಮ್ಮ ದುಡ್ಡು ಸುರಿದರು. ಆ ತೂತು ಮುಚ್ಚಿಸೋಕೆ ನಮಗೆ 2023ರ ತನಕ ಹಿಡಿಯಿತು. ಆಮೇಲೂ ಗ್ಯಾರಂಟಿಗಳ ಲೆಕ್ಕಕ್ಕೆ ಅದೇ ನಿಧಿ.

ಅದಕ್ಕೇ ನಾನು ಹೇಳೋದು, ದುಡ್ಡು ಬಂದ ಮೇಲೆ ಕೂಗೋದಲ್ಲ, ಬರೋ ಮುಂಚೆ ಕಾನೂನಲ್ಲಿ ಬರೆಸಬೇಕು.

ಒಂದು, ಇಂಗಾಲದ ಹೆಸರಲ್ಲಿ ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯಲ್ಲೂ ಜನಸಂಖ್ಯೆಗೆ ತಕ್ಕ ಪಾಲು ಮೀಸಲಿಡಬೇಕು. ಕರ್ನಾಟಕದಲ್ಲಿ ಅದು ಶೇ. 24.1. ಬೇರೆ ಬಾಬತ್ತಿಗೆ ತಿರುಗಿಸೋಕೆ ಅವಕಾಶ ಕೊಡಬಾರದು.

ಎರಡು, ಸೋಲಾರ್, ಗಾಳಿ ಯೋಜನೆಗೆ ಜಮೀನು ಹೋಗುವ ಊರಲ್ಲಿ ಭೂಮಿ ಇಲ್ಲದವರ ಪಟ್ಟಿಯೂ ಆಗಬೇಕು, ಅವರಿಗೂ ವರ್ಷವರ್ಷ ಪಾಲು ಸಿಗಬೇಕು. ಗಣಿ ಜಿಲ್ಲೆಗಳಲ್ಲಿ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಅದು ಚೆನ್ನಾಗೇ ನಡೀತಿದೆ ಅಂತ ಹೇಳಲ್ಲ, ಆದರೆ ಗಣಿಯಿಂದ ತೊಂದರೆಯಾದ ಜನಕ್ಕೆ ಪಾಲಿದೆ ಅನ್ನೋ ತತ್ವ ಕಾನೂನಲ್ಲಿದೆ. ಬಿಸಿಲಿಗೆ ಯಾಕಿಲ್ಲ?

ಮೂರು, ಹವಾಮಾನ ಸಮ್ಮೇಳನಕ್ಕೆ ಹೋಗುವ ಸರ್ಕಾರ ಅಲ್ಲಿ ಹೇಳೋದನ್ನ ಇಲ್ಲೂ ಹೇಳಲಿ. 2024ರಲ್ಲಿ ಬಾಕು ಸಭೆಯಲ್ಲಿ ಶ್ರೀಮಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಅಂದಾಗ, ಇದು ಕಣ್ಕಟ್ಟು ಅಂತ ಭಾರತದ ಪ್ರತಿನಿಧಿ ತಿರಸ್ಕರಿಸಿದರು. ಸರಿಯಾಗೇ ಮಾಡಿದರು. ನಮ್ಮ ಬಜೆಟ್ ಪುಸ್ತಕದ ಕಣ್ಕಟ್ಟಿಗೂ ನಾವು ಹಂಗೇ ಹೇಳೋಣ.

ಯುರೋಪಿನ ವಿರುದ್ಧ ದೇಶ ಹೋರಾಡಲಿ, ನಾವೂ ಜೊತೆಗಿರ್ತೀವಿ. ಆದರೆ ಸಾಲಿನಲ್ಲಿ ಮುಂದೆ ನಿಲ್ಲಿಸಿ ನಮ್ಮ ಬಡತನ ತೋರಿಸಿ, ಹಂಚುವಾಗ ಹಿಂದೆ ತಳ್ಳೋದು ನಿಲ್ಲಲಿ.

ಮುಂದಿನ ಸಲ ನಿಮ್ಮ ಆಫೀಸಲ್ಲಿ, ಕಾಲೇಜಲ್ಲಿ ಯಾರಾದರೂ ಕಾರ್ಬನ್ ತೆರಿಗೆ ಅನ್ಯಾಯ ಅಂದರೆ ವಿರೋಧಿಸಬೇಡಿ. ಹೌದು ಸಾರ್ ಅನ್ನಿ. ಪೂರ್ತಿ ಮಾತಾಡೋಕೆ ಬಿಡಿ. ಆಮೇಲೆ ಅವರ ಮಾತಲ್ಲಿ 'ಯುರೋಪ್' ಇದ್ದ ಕಡೆ 'ಊರು' ಅಂತ, 'ಭಾರತ' ಇದ್ದ ಕಡೆ 'ಕೇರಿ' ಅಂತ ಹಾಕಿ ಅವರಿಗೇ ವಾಪಸ್ ಹೇಳಿ.

ಟೀ ಅರ್ಧಕ್ಕೆ ಬಿಟ್ಟು ಎದ್ದರೆ ಎದ್ದು ಹೋಗಲಿ. ಮಾತು ಮಾತ್ರ ಅವರ ಜೊತೆ ಹೋಗುತ್ತೆ.

ಜೈ ಭೀಮ್.