ಹೆಂಜೇರಿನ ಕಲ್ಲುಗಳ ಮುಂದೆ ಹತ್ತು ನಿಮಿಷ
ಬೆಂಗಳೂರಿನ ಚರ್ಚುಗಳಿಂದ ಜೆರುಸಲೇಮಿಗೆ ಗುಂಪು ಕಟ್ಟಿಕೊಂಡು ಹೋಗುವವರು ಆ ಪ್ರವಾಸದಲ್ಲಿ ಕಪೆರ್ನೌಮ್ ಎಂಬ ಹಳೆಯ ಊರಿನ ಪಾಳುಗೋಡೆಗಳ ನಡುವೆ ನಿಂತು, ಆ ಜಾಗದ ಕಥೆಯಿರುವ ಬೈಬಲ್ ಪುಟವನ್ನು ತೆರೆದು ಗಟ್ಟಿಯಾಗಿ ಓದುತ್ತಾರೆ. ಈ ಪದ್ಧತಿ ನನಗೆ ಬಹಳ ಇಷ್ಟ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಸೀಮೆಯ ನಾವೂ ವ್ಯಾನು ಮಾಡಿಕೊಂಡು ಆಂಧ್ರದ ಗಡಿ ದಾಟಿ ಮಡಕಶಿರಾ ತಾಲ್ಲೂಕಿನ ಹೇಮಾವತಿಗೆ ಹೋಗುತ್ತೇವೆ. ಲಿಂಗವಾಗಿ ಅಲ್ಲ, ಮನುಷ್ಯರೂಪದಲ್ಲಿ ಕುಳಿತಿರುವ ಸಿದ್ಧೇಶ್ವರನಿಗೆ ಕಾಯಿ ಒಡೆಸಿ, ಊಟ ಮುಗಿಸಿ ಹೊರಟುಬಿಡುತ್ತೇವೆ. ಆದರೆ ಈ ಹೇಮಾವತಿಯೇ ಹಳೆಯ ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾವಿರವನ್ನಾಳಿದ ನೊಳಂಬರ ರಾಜಧಾನಿ! ಗಂಗರ ಮಾರಸಿಂಹ 'ನೊಳಂಬಕುಲಾಂತಕ' ಎಂಬ ಬಿರುದು ಹೊತ್ತದ್ದು ಈ ಮನೆತನವನ್ನು ಸದೆಬಡಿದೇ. ದೊಡ್ಡೇಶ್ವರ ಗುಡಿಯ ಗೋಡೆಯ ಹತ್ತಿರ ಹೋಗಿ ನೋಡಿ: ಕಲ್ಲಿನ ಜಾಲಂಧ್ರದಲ್ಲಿ ಬಳ್ಳಿಯ ಸುರುಳಿಗಳು, ನಡುವೆ ದೇವತೆಗಳು, ಸಂದುಗಳಿಂದ ಒಳಗೆ ಸೋಸಿ ಬೀಳುವ ಬಿಸಿಲು. ಕರಿಗಲ್ಲು ಎಷ್ಟು ನುಣುಪೆಂದರೆ ಕೈ ತಾನಾಗಿ ಸವರುತ್ತದೆ. ದಯವಿಟ್ಟು ಸವರಬೇಡಿ, ಕುಂಕುಮ, ಎಣ್ಣೆಯಂತೂ ಬೇಡವೇ ಬೇಡ. ಇಲ್ಲಿನ ಎಷ್ಟೋ ಶಿಲ್ಪಗಳು ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ಉಳಿದವನ್ನಾದರೂ ಕಣ್ತುಂಬ ನೋಡೋಣ. ಊರಿನ ಕನ್ನಡ ಶಾಸನಗಳನ್ನು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟ (1904) ಶಿರಾ ತಾಲ್ಲೂಕಿನ ಸಾಲಿನಲ್ಲೇ ಅಚ್ಚು ಹಾಕಿದೆ. ಗಡಿ ನಕ್ಷೆಯಲ್ಲಿದೆಯೇ ಹೊರತು ಕಲ್ಲಿನ ಭಾಷೆಯಲ್ಲಿಲ್ಲ. ಮುಂದಿನ ಸಲ ವ್ಯಾನು ಹತ್ತುವಾಗ ಆ ಸಂಪುಟದಿಂದ ಒಂದು ಶಾಸನವನ್ನು ಬರೆದುಕೊಂಡು ಹೋಗಿ, ಊಟಕ್ಕೆ ಮೊದಲು ಗುಡಿಯ ಮುಂದೆ ನಿಂತು ಮಕ್ಕಳಿಂದ ಓದಿಸಿ.