ಬೆಕ್ಕಿನ ಮೀಸೆಗೆ ಕತ್ತರಿ ಬೇಡ

ಮಕ್ಕಳ ಕೈಗೆ ಕತ್ತರಿ ಸಿಕ್ಕಿದರೆ, ಒಲೆಯ ಬಳಿ ಮಲಗಿದ ಬೆಕ್ಕಿನ ಮೀಸೆಯ ಮೇಲೆ ಕಣ್ಣು ಬೀಳುವುದುಂಟು. ಹಿರಿಯರೂ ಇದನ್ನು ಕಂಡು ನಕ್ಕು ಸುಮ್ಮನಾಗುತ್ತಾರೆ. "ಕೂದಲಲ್ಲವೇ, ಮತ್ತೆ ಬೆಳೆಯುತ್ತದೆ" ಎಂಬ ಸಮಾಧಾನ ಬೇರೆ. ಈ ಮಾತು ಎಷ್ಟು ಸರಿ ಎಂದು ನಾವು ವಿಚಾರ ಮಾಡಬೇಕಾಗಿದೆ.

ಮನುಷ್ಯರಲ್ಲಿ ಮೀಸೆ ಗಂಡಸರಿಗೆ, ಅದೂ ಹರೆಯ ಬಂದ ಮೇಲೆ. ಬೆಕ್ಕುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆಗತಾನೆ ಹುಟ್ಟಿದ ಮರಿಗೂ ಮೀಸೆಯಿರುತ್ತದೆ. ಅಂದ ಮೇಲೆ ಅದು ಅಲಂಕಾರವಲ್ಲ, ಬದುಕಿಗೆ ಬೇಕಾದ ಸಾಧನ ಎಂದಾಯಿತು.

ಬೆಕ್ಕಿನ ಒಂದೊಂದು ಕೆನ್ನೆಯಲ್ಲಿ ಸುಮಾರು 12 ಮೀಸೆಗಳು ನಾಲ್ಕು ಸಾಲುಗಳಲ್ಲಿರುತ್ತವೆ. ಹುಬ್ಬು, ಗದ್ದ, ಮುಂಗಾಲಿನ ಹಿಂಬದಿಯಲ್ಲಿಯೂ ಇಂತಹ ಬಿರುಸು ಕೂದಲುಗಳುಂಟು. ಇವು ಮೈಯ ಕೂದಲಿಗಿಂತ ದಪ್ಪ. ಇವುಗಳ ಬುಡವೂ ಹೆಚ್ಚು ಆಳ. ಆ ಬುಡದ ಸುತ್ತ ರಕ್ತ ತುಂಬಿದ ಚೀಲವಿದ್ದು, ಅಲ್ಲಿ ನರಗಳ ತುದಿಗಳು ದಟ್ಟವಾಗಿ ಸೇರಿವೆ. ಮೀಸೆಯ ತುದಿಗೆ ಏನಾದರೂ ತಗುಲಿದರೆ, ಗಾಳಿ ಸ್ವಲ್ಪ ಅಲುಗಿದರೂ ಸಾಕು, ಆ ಸುದ್ದಿ ಕೂಡಲೇ ಮೆದುಳಿಗೆ ಮುಟ್ಟುತ್ತದೆ.

ವಯನಾಡಿನ ಗದ್ದೆಗಳಲ್ಲಿ ಬೆಳೆದ ಗಂಧಕಸಾಲ, ಜೀರಕಸಾಲ ಭತ್ತ ಕಣಜಕ್ಕೆ ಸೇರಿದ ಮೇಲೆ ಇಲಿಗಳಿಂದ ಅದನ್ನು ಕಾಯುವುದು ಬೆಕ್ಕು. ಕತ್ತಲೆಯ ಮೂಲೆಗಳಲ್ಲಿ, ಕಿರಿದಾದ ಸಂದಿಗಳಲ್ಲಿ ಅದಕ್ಕೆ ದಾರಿ ತೋರುವುದು ಈ ಮೀಸೆಯೇ. ಬೆಕ್ಕಿನ ಕಣ್ಣು ಮಬ್ಬು ಬೆಳಕಿನಲ್ಲಿ ಚುರುಕು, ನಿಜ. ಆದರೆ ಮೂಗಿನ ತೀರ ಹತ್ತಿರವಿರುವ ವಸ್ತು ಅದಕ್ಕೆ ಸ್ಪಷ್ಟವಾಗಿ ಕಾಣುವುದಿಲ್ಲ. ಆದುದರಿಂದ ಇಲಿಯ ಮೇಲೆ ಎರಗುವಾಗ ಮೀಸೆಗಳನ್ನು ಮುಂದಕ್ಕೆ ಚಾಚಿ, ಎಲ್ಲಿ ಕಚ್ಚಬೇಕೆಂದು ತಡವಿ ತಿಳಿಯುತ್ತದೆ.

ಮೀಸೆಯಲ್ಲಿ ನರವಿಲ್ಲದ ಕಾರಣ ಕತ್ತರಿಸಿದರೆ ನೋವಾಗದು; ಕಿತ್ತರೆ ಮಾತ್ರ ಬಹಳ ನೋವಾಗುತ್ತದೆ. ಹಳೆಯ ಮೀಸೆ ಒಂದೊಂದಾಗಿ ತಾನೇ ಉದುರಿ ಹೊಸದು ಬರುವುದೂ ನಿಜ. ಆದರೆ ಎಲ್ಲವನ್ನೂ ಒಮ್ಮೆಗೇ ಕತ್ತರಿಸಿದರೆ, ಅವು ಬೆಳೆಯುವ ತನಕ ಬೆಕ್ಕಿಗೆ ಆಸರೆ ಯಾವುದು? ಕುರುಡನ ಕೈಯ ಕೋಲನ್ನು ಕಸಿದುಕೊಂಡರೂ ಅವನ ಮೈಗೆ ನೋವಾಗುವುದಿಲ್ಲ. ಅಷ್ಟರಿಂದ ಅದು ತಪ್ಪಲ್ಲವೆಂದು ನಾವು ಹೇಳುತ್ತೇವೆಯೇ?

ಮುತ್ತಂಗ, ತೋಲ್ಪೆಟ್ಟಿ ಕಾಡುಗಳ ಹುಲಿಯೂ ಬೆಕ್ಕಿನ ಕುಲದ್ದೇ. ಅದರ ಮೀಸೆಯೂ ಇದೇ ಕೆಲಸ ಮಾಡುತ್ತದೆ. ಹುಲಿಯ ಮೀಸೆಯನ್ನು ವಿಷವೆಂದು ಹೆದರಿದವರೂ ಉಂಟು, ತಾಯಿತಕ್ಕೆ ಬೇಕೆಂದು ಹುಡುಕಿದವರೂ ಉಂಟು. ಎರಡೂ ಬರಿಯ ಮೂಢನಂಬಿಕೆ. ಹುಲಿಯ ಮೀಸೆಯನ್ನು ಕಾಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿದೆ. ಹುಲಿಯ ಯಾವ ಅಂಗವನ್ನು ಇಟ್ಟುಕೊಂಡರೂ ಶಿಕ್ಷೆಯುಂಟು. ಆದರೆ ಒಲೆಯ ಬಳಿ ಮಲಗಿದ ಬೆಕ್ಕಿನ ಮೀಸೆಯನ್ನು ಕಾಯಲು ಅರಣ್ಯ ಇಲಾಖೆಯವರು ಬರುವುದಿಲ್ಲ. ಅದನ್ನು ನಾವೇ ಕಾಯಬೇಕು.

ತಂದೆತಾಯಂದಿರು ಮಕ್ಕಳ ಕೈಯಿಂದ ಕತ್ತರಿಯನ್ನು ಕಸಿದುಕೊಂಡರಷ್ಟೇ ಸಾಲದು. ಮೀಸೆ ಏತಕ್ಕಿದೆ ಎಂಬುದನ್ನೂ ಅವರಿಗೆ ತಿಳಿಸಿ ಹೇಳಬೇಕು. ಮೂಕಪ್ರಾಣಿ ತನ್ನ ಕಷ್ಟವನ್ನು ಬಾಯಿ ಬಿಟ್ಟು ಹೇಳಲಾರದು. ಅದನ್ನು ಅರಿಯುವ ಬುದ್ಧಿ ನಮಗಿದೆ. ಅರಿತ ಮೇಲೆ ಹಾಗೆಯೇ ನಡೆಯುವುದು ನಮ್ಮ ಕರ್ತವ್ಯ.