ಅವ್ವನಾಗೋ ಮೊದಲು ಯಜಮಾನಿ!

ಎಂ.ವಿ. ರಾಜಮ್ಮ ಅಂದ್ರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರೇರು ಥಟ್ಟನೆ ಹೇಳೋದು ಒಂದೇ ಮಾತು: ‘ರಾಜಣ್ಣನ ಅವ್ವ ಅಲ್ರೀ?’ ಖರೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಆ ತಾಯಿಯನ್ನು ಮರೆಯುವುದುಂಟೇ! ಅದೂ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ಕಥೆ. ಜಾತ್ರೆಯೊಳಗೆ ಕಂಪನಿ ನಾಟಕ ನೋಡಿ ಬೆಳೆದ ನಮಗೆ ಅದು ಮನೆಮಂದಿಯ ಕಥೆ ಇದ್ದಂಗ.

ಆದರೆ ಓದುಗರೇ, ಬರೀ ಅವ್ವ ಅಂದು ಸುಮ್ಮನಾದರೆ ಆ ಹೆಣ್ಣುಮಗಳಿಗೆ ಅನ್ಯಾಯ. ಇದು ನನ್ನ ತಕರಾರು!

ರಂಗಭೂಮಿಯಿಂದ ಬಂದ ರಾಜಮ್ಮ 1936ರ ‘ಸಂಸಾರ ನೌಕೆ’ಯಲ್ಲಿ ಬಿ.ಆರ್. ಪಂತುಲು ಅವರಿಗೆ ನಾಯಕಿ. ಟಾಕಿ ಅಂದ್ರೆ ಪುರಾಣವೇ ಆಗಿದ್ದ ಹೊತ್ತಿನಲ್ಲಿ ಅದು ಸಾಮಾಜಿಕ ಚಿತ್ರ. 1940ರಲ್ಲಿ ತಮಿಳಿನ ‘ಉತ್ತಮ ಪುತ್ರನ್’, ಪಿ.ಯು. ಚಿನ್ನಪ್ಪನವರ ಜೋಡಿ. ಹೆಸರೂ ಬಂತು, ಬೇಡಿಕೆಯೂ ಬಂತು. ಹಾಯಾಗಿ ಇರಬಹುದಿತ್ತು.

ಇರಲಿಲ್ಲ! 1943. ನಾವಿನ್ನೂ ನಿಜಾಮರ ರಾಜ್ಯದಲ್ಲಿದ್ದ ಕಾಲ. ಮಹಾಯುದ್ಧದಿಂದಾಗಿ ಕಚ್ಚಾ ಫಿಲ್ಮಿಗೇ ತತ್ವಾರ. ದೊಡ್ಡ ದೊಡ್ಡ ಗಂಡಸರೇ ಕೈಕಟ್ಟಿ ಕೂತಾಗ ಈಕೆ ‘ರಾಧಾರಮಣ’ ಚಿತ್ರಕ್ಕೆ ದುಡ್ಡು ಹಾಕಿ ಕನ್ನಡದ ಮೊದಲ ನಿರ್ಮಾಪಕಿಯಾದರು. ಇನ್ನೊಂದು ಮಾತು ಕೇಳ್ರಿ. ನಮ್ಮ ಬಾಲಕೃಷ್ಣ, ಜಿ.ವಿ. ಅಯ್ಯರ್ ಇಬ್ಬರೂ ಮೊದಲ ಸಲ ಬೆಳ್ಳಿತೆರೆ ಕಂಡದ್ದು ಅದೇ ಚಿತ್ರದಲ್ಲಿ. ಅಂದ್ರೆ ಬಾಲಣ್ಣನಿಗೆ ಸಿನಿಮಾದ ಬಾಗಿಲು ತೆರೆದ ಯಜಮಾನಿ ಯಾರು? ನೀವೇ ಹೇಳ್ರಿ!

ಮುಂದೆ 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಮತ್ತೆ ಅದೇ ಪಂತುಲು, ಅದೇ ರಾಜಮ್ಮ. 22 ವರ್ಷದ ಹಿಂದಿನ ಹರೆಯದ ಜೋಡಿ ಈಗ ತಲೆ ನರೆತ ಮೇಷ್ಟ್ರು, ಮೇಷ್ಟ್ರ ಹೆಂಡತಿ. 1999ರಲ್ಲಿ ರಾಜಮ್ಮ ತೀರಿಕೊಂಡರು. ಆಳಂದದ ಗೆಳೆಯರೇ, ಇನ್ನೊಮ್ಮೆ ‘ಸಂಪತ್ತಿಗೆ ಸವಾಲ್’ ಹಾಕಿದಾಗ ಆ ಅವ್ವನ ಕಣ್ಣು ಸ್ವಲ್ಪ ನೋಡ್ರಿ.